ಪೀಪಿ ನಿಂತ ಮೇಲೆ ಇಪ್ಪತ್ತು ನಿಮಿಷ

ಆರ್ಲಿಸ್ ಟೋಮ್ಟೆ ಅಳಲಿಲ್ಲ ಅನ್ನುವುದೇ ಆ ಚಳಿಗಾಲದಲ್ಲಿ ನಮ್ಮೂರಿಗೆಲ್ಲ ದೊಡ್ಡ ಸುದ್ದಿ. ಗಂಡ ವರ್ಡೆಲ್ ಜನವರಿಯಲ್ಲಿ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಾಯಿತು. ಹ್ಯಾಮ್ ತುಂಬಿದ ಬನ್ನು, ಒಲೆಯೊಳಗಿಟ್ಟು ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್, ಐದು ಬಣ್ಣದ ಜೆಲ್ಲಿ. ಬಂದವರಿಗೆಲ್ಲ ಕಾಫಿ ಬಗ್ಗಿಸಿದವಳು ಅವಳೇ. ಕುಳಿತುಕೋ ಎಂದರೆ ಕುಳಿತಳು, ಕಪ್ಪು ಖಾಲಿಯಾದದ್ದು ಕಂಡರೆ ಮತ್ತೆ ಎದ್ದಳು.

“ಒಂದು ಹನಿ ಕಣ್ಣೀರಿಲ್ಲ ಕಣ್ರೀ, ಒಂದೇ ಒಂದು ಹನಿ,” ಎಂದಳು ನನ್ನ ಹೆಂಡತಿ ಜಾಯ್ಸ್, ಮನೆಗೆ ಬರುವ ದಾರಿಯಲ್ಲಿ.

“ಅಳೋಕೆ ಟೈಮ್‌ಟೇಬಲ್ ಇದ್ಯೇನೆ? ಸುಮ್ನೆ ಕೂರು,” ಎಂದು ರೇಗಿದೆ. ನನಗೆ ಬೇಗ ಸಿಟ್ಟು ಬರುತ್ತದೆ, ಅದು ಊರಿಗೇ ಗೊತ್ತು. ಆದರೆ ನಿಜ ಹೇಳುತ್ತೇನೆ, ಆವತ್ತು ನನಗೂ ಇರುಸುಮುರುಸಾಗಿತ್ತು.

ಆರ್ಲಿಸ್ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಈ ಸೀಮೆಯಲ್ಲಿ ಐವತ್ತರೊಳಗಿನವರೆಲ್ಲ ಅವಳ ಕೈಯ ಮಾಂಸದ ಗ್ರೇವಿ ತಿಂದು ದೊಡ್ಡವರಾದವರು. ಹದಿನಾಲ್ಕನೇ ವಯಸ್ಸಿಗೇ ಮೊದಲ ಜಿಂಕೆ ಹೊಡೆದಿದ್ದಳು. ಇಪ್ಪತ್ತೊಂಬತ್ತರಲ್ಲಿ ಊರಿನ ಗುರಿ ಹೊಡೆಯುವ ಪಂದ್ಯದಲ್ಲಿ ಗಂಡಸರನ್ನೆಲ್ಲ ಸೋಲಿಸಿ ಬಹುಮಾನದ ಟರ್ಕಿ ಕೋಳಿ ಗೆದ್ದಳು. ಎರಡನೆಯವನಾಗಿ ಬಂದವನು ವರ್ಡೆಲ್. ಆವತ್ತೇ ಅವನು ಬಂದೂಕು ಕೆಳಗಿಟ್ಟು, “ಇನ್ಮೇಲೆ ಬೇಟೇಲಿ ನಾನು ಪೀಪಿ ಊದ್ತೀನಿ, ನೀನು ಹೊಡಿ,” ಎಂದನಂತೆ. ಆ ಮಾತಿನ ಮೇಲೆಯೇ ಮದುವೆಯಾಯಿತು ಎಂದು ಜನ ತಮಾಷೆ ಮಾಡುತ್ತಾರೆ. ಮೂವತ್ತನಾಲ್ಕು ವರ್ಷ ಹಾಗೆಯೇ ನಡೆಯಿತು.

ಅವನು ಊದುತ್ತಿದ್ದದ್ದು ತಾನೇ ಕೊರೆದ ಮರದ ಪೀಪಿ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದರಿಂದ ಸಾಯುತ್ತಿರುವ ಮೊಲದ ಕಿರುಚಾಟ ಬರುತ್ತಿತ್ತು, ಅದಕ್ಕೆ ಆಸೆಪಟ್ಟು ಮೊಲ ತಿನ್ನುವ ಪ್ರಾಣಿಗಳು ಹುಡುಕಿಕೊಂಡು ಬರುತ್ತಿದ್ದವು. ಕೇಳಿದರೆ ಮೈ ಜುಮ್ಮೆನ್ನಬೇಕು. ಕುರಿ ಸಾಕುವ ನನ್ನಂಥವರಿಗೆ ಅವರಿಬ್ಬರೂ ದೇವರಂತೆ ಇದ್ದರು, ಏಕೆಂದರೆ ನಮ್ಮ ಶನಿ ಕಯೋಟಿ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಕಳ್ಳಬುದ್ಧಿಯಲ್ಲಿ ಎರಡನ್ನೂ ಮೀರಿಸಿದ್ದು. ಮೊಲ ಕಿರುಚಿತೆಂದು ಅದು ನೆಟ್ಟಗೆ ಓಡಿಬರುವುದಿಲ್ಲ. ವಾಸನೆ ಹಿಡಿಯಲು ಗಾಳಿ ಹೋಗುವ ಕಡೆಗೆ ದೂರದಿಂದ ಸುತ್ತಿಕೊಂಡು ಬರುತ್ತದೆ. ಆದ್ದರಿಂದ ಊದುವವನು ಒಂದು ಕಡೆ, ಹೊಡೆಯುವವಳು ಗಾಳಿ ಹೋಗುವ ಕಡೆ ನೂರು ಹೆಜ್ಜೆ ಆಚೆ. ಹುಲ್ಲಿನೊಳಗೆ ಕುಳಿತ ಮೇಲೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಪೀಪಿಯ ಸದ್ದೊಂದೇ ಇಬ್ಬರ ನಡುವಿನ ಕೊಂಡಿ.

ವರ್ಡೆಲ್‌ನ ಕಟ್ಟಳೆಗಳು ಒಂದೆರಡಲ್ಲ. ಪಿಕಪ್ಪನ್ನು ತಗ್ಗಿನಲ್ಲಿ ನಿಲ್ಲಿಸಬೇಕು, ಬಾಗಿಲು ಬಡಿಯಬಾರದು, ಒತ್ತಿ ಮುಚ್ಚಬೇಕು. ಬಿಸಿಲು ಬೆನ್ನಿಗಿರಬೇಕು. ಕೆಂಪು ನರಿಗೆ ಇಲಿಯ ಕೀಚಲು ದನಿ ಸಾಕು, ತುಟಿ ಚೀಪಿ ಸದ್ದು ಮಾಡಿದರಾಯಿತು, ಬರುವುದಿದ್ದರೆ ಐದು ನಿಮಿಷದಲ್ಲಿ ಬರುತ್ತದೆ. ನವೆಂಬರಿನಲ್ಲಿ ಜಿಂಕೆ ಎದ್ದು ಓಡಿದರೆ ಗಾಬರಿಬಿದ್ದು ಗುಂಡು ಹಾಳುಮಾಡಬಾರದು. ನಮ್ಮ ಕಡೆಯ ದೊಡ್ಡ ಕಿವಿಯ ಜಿಂಕೆ ದಿಬ್ಬದ ನೆತ್ತಿಯಲ್ಲಿ ಒಂದು ಸಲ ನಿಂತು ಹಿಂದೆ ತಿರುಗಿ ನೋಡುತ್ತದೆ, ಆಗ ಹೊಡೆಯಬೇಕು. ಗಾಯವಾಗಿ ಹೋದರೆ ಕೂಡಲೇ ಬೆನ್ನು ಹತ್ತದೆ ಅರ್ಧ ಗಂಟೆ ಕೂತು ಕಾಫಿ ಕುಡಿಯಬೇಕು. ಕಯೋಟಿಗಂತೂ, ಪೀಪಿ ನಿಂತ ಮೇಲೂ ಇಪ್ಪತ್ತು ನಿಮಿಷ ಅಲ್ಲಾಡಬಾರದು. ತಲೆ ಕೂಡ ತಿರುಗಿಸಬಾರದು. ಜನ ಬೇಸತ್ತು ಏಳುವ ಹೊತ್ತಿಗೇ ಅದು ಬಂದು ಇಣುಕುವುದು.

“ಮನೇಲಿ ನನ್ನ ಒಂದು ಮಾತೂ ಕೇಳಲ್ಲ ಕಣಯ್ಯ ಇವ್ಳು. ಹುಲ್ಲಲ್ಲಿ ಕೂರ್ಸಿದ್ರೆ ಮಾತ್ರ ಚಾಚೂ ತಪ್ಪಲ್ಲ,” ಎನ್ನುತ್ತಿದ್ದ ನನ್ನ ಹತ್ತಿರ.

“ಮನೇಲೂ ನೂರು ಹೆಜ್ಜೆ ದೂರ ಕೂತು ಹೇಳು, ಕೇಳ್ತೀನಿ,” ಎನ್ನುತ್ತಿದ್ದಳು ಆರ್ಲಿಸ್.

ಇನ್ನು ನನ್ನ ಸಂಗತಿ. ಮೇ ತಿಂಗಳಲ್ಲಿ ಎರಡು ವಾರಕ್ಕೆ ಹನ್ನೊಂದು ಮರಿ ಹೋದವು. ಬೆಳಿಗ್ಗೆ ಹೋದರೆ ತಾಯಿಕುರಿ ಕೆಚ್ಚಲು ಬಿಗಿದುಕೊಂಡು ಒದರುತ್ತಾ ನಿಂತಿರುತ್ತಿತ್ತು. ಮರಿಯದು ಬರೀ ಉಣ್ಣೆ, ಒಂದು ಗೊರಸು. ನಾನೇ ನಾಲ್ಕು ದಿನ ಬಂದೂಕು ಹಿಡಿದು ಕಾದೆ, ಏನೂ ಗಿಟ್ಟಲಿಲ್ಲ. ಹನ್ನೆರಡನೆಯದು ಹೋದ ಬೆಳಿಗ್ಗೆ ಮನಸ್ಸು ಗಟ್ಟಿಮಾಡಿ ಆರ್ಲಿಸ್‌ಳ ಮನೆಗೆ ಹೋದೆ.

ವರ್ಡೆಲ್‌ನ ಕೋಟು ಇನ್ನೂ ಬಾಗಿಲ ಹಿಂದಿನ ಗೂಟದಲ್ಲೇ ಇತ್ತು. ಆರ್ಲಿಸ್ ಒಂದು ಬಾಣಲೆ ಉಜ್ಜುತ್ತಿದ್ದಳು. ನಾನು ಮರಿಗಳ ಕಥೆ ಹೇಳಿ ಮುಗಿಸುವವರೆಗೂ ಅದೇ ಬಾಣಲೆ.

“ಬರ್ತೀಯಾ?” ಎಂದೆ.

“ಆಗ್ಲಿ.”

“ಮನಸ್ಸಿಲ್ದಿದ್ರೆ ಬೇಡ.”

“ಮನಸ್ಸಿನ ಮಾತ್ಯಾಕೆ ಗೇಲನ್. ಮರಿ ಹೋಗ್ತಿವೆ ಅಂದ್ಯಲ್ಲ. ನಾನು ಊದಲ್ಲ, ನನಗೆ ಬರಲ್ಲ. ನೀನು ಊದು.” ಕೋಟಿನ ಜೇಬಿಗೆ ಕೈಹಾಕಿ ಪೀಪಿ ತೆಗೆದುಕೊಟ್ಟಳು. ಬಾಯಿಗಿಡುವ ಕಡೆ ವರ್ಡೆಲ್‌ನ ಹಲ್ಲಿನ ಗುರುತು ಇತ್ತು.

ಮರುದಿನ ನಸುಕಿನಲ್ಲಿ ನನ್ನ ಪಿಕಪ್ಪಿನಲ್ಲಿ ಹೊರಟೆವು. ಬಂದೂಕು ಮೊಣಕಾಲ ನಡುವೆ ಇಟ್ಟುಕೊಂಡು ಆಕೆ ಮುಂದಿನ ಗಾಜನ್ನೇ ನೋಡುತ್ತಿದ್ದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಶುರು ಮಾಡಿದಳು. ಮಾತು ಅಡುಗೆಯ ಲೆಕ್ಕ ಒಪ್ಪಿಸಿದ ಹಾಗಿತ್ತು.

“ಜನವರೀಲಿ, ಅವತ್ತು ಅವನು ಊದ್ತಾ ಇದ್ದ. ಅರ್ಧಕ್ಕೇ ನಿಂತುಹೋಯ್ತು. ಏನೋ ಕಂಡಿರ್ಬೇಕು ಅಂದ್ಕೊಂಡೆ. ಏನಾದ್ರೂ ಕಂಡ್ರೆ ಅವನು ಹಾಗೇ ನಿಲ್ಲಿಸೋನು.”

ನಾನು ಗಾಡಿಯ ವೇಗ ಇಳಿಸಿದೆ.

“ಇಪ್ಪತ್ತು ನಿಮಿಷ ಕೂತೆ. ತಿರುಗಿ ನೋಡ್ಲಿಲ್ಲ. ಹದಿನೇಳನೇ ನಿಮಿಷಕ್ಕೆ ಒಂದು ಬಂತು, ಹೊಡೆದೆ. ಒಳ್ಳೇ ತುಪ್ಪಳ. ಹೊಡೆದ್ಮೇಲೂ ಇನ್ನೊಂದು ಬರಬಹುದು ಅಂತ ಮಿಕ್ಕ ಮೂರು ನಿಮಿಷ ಕೂತೆ. ಆಮೇಲೆ ತೋರಿಸೋಣ ಅಂತ ಅದನ್ನ ಎಳ್ಕೊಂಡು ಹೋದೆ.”

“ಆರ್ಲಿಸ್...”

“ಹಾರ್ಟ್ ನಿಂತಾಗಲೇ ಬೇಗ ನೋಡಿದ್ರೆ ಉಳೀತಿದ್ನಾ ಅಂತ ಡಾಕ್ಟರನ್ನ ಕೇಳ್ದೆ. ಉಳೀತಿದ್ನೇನೋ, ಇಲ್ವೇನೋ ಅಂದ್ರು.” ಅದೇ ದನಿಯಲ್ಲಿ, “ಮುಂದೆ ಗೇಟಿದೆ, ಇಳಿ,” ಎಂದಳು.

ಇಳಿದು ಗೇಟು ತೆಗೆದೆ, ಪಿಕಪ್ಪು ದಾಟಿಸಿ ಮತ್ತೆ ಇಳಿದು ಮುಚ್ಚಿದೆ.

ತಗ್ಗಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಒತ್ತಿ ಮುಚ್ಚಿ, ದಿಬ್ಬ ಹತ್ತಿದೆವು. ನಾನೊಂದು ಪೊದೆಯ ಬುಡದಲ್ಲಿ ಕುಳಿತೆ, ಆಕೆ ಗಾಳಿ ಹೋಗುವ ಕಡೆ ನಡೆದು ಹುಲ್ಲಿನಲ್ಲಿ ಮರೆಯಾದಳು. ಸೂರ್ಯ ಬೆನ್ನಿಗಿದ್ದ. ಊದಿದೆ. ಮೊದಲು ಬಾತುಕೋಳಿಯ ಹಾಗೆ ಬಂತು, ಆಮೇಲಾಮೇಲೆ ಮೊಲಕ್ಕೆ ಸಮೀಪವಾಯಿತು. ಹನ್ನೆರಡು ನಿಮಿಷವಾಗಿರಬಹುದು, ಎದುರಿನ ಇಳಿಜಾರಿನಲ್ಲಿ ಬೂದುಬಣ್ಣದ್ದೊಂದು ಕಂಡಿತು. ಅದೇ ಕಳ್ಳ! ಓಡುತ್ತದೆ, ನಿಲ್ಲುತ್ತದೆ, ಮೂಗೆತ್ತುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಗಾಳಿ ಹೋಗುವ ಕಡೆಗೆ ಸುತ್ತಿಕೊಂಡು, ನೆಟ್ಟಗೆ ಆರ್ಲಿಸ್ ಕುಳಿತ ಕಡೆಗೇ ಹೊರಟಿತು. ನನ್ನ ಹನ್ನೆರಡು ಮರಿಗಳ ಲೆಕ್ಕ ಈಗ ಚುಕ್ತಾ ಎಂದುಕೊಂಡೆ. ಅಷ್ಟರಲ್ಲಿ ಪೀಪಿಯೊಳಗೆ ಎಂಜಲು ಕಟ್ಟಿಕೊಂಡು ಸದ್ದು ಅರ್ಧಕ್ಕೇ ಕಟ್ಟಾಯಿತು. ಇನ್ನೇನು ಬೇಕು, ಅದು ಬರುತ್ತಲೇ ಇದೆಯಲ್ಲ ಎಂದು ನಾನೂ ಸುಮ್ಮನಾದೆ.

ಆರ್ಲಿಸ್ ಎದ್ದುಬಿಟ್ಟಳು.

ಬಂದೂಕು ಅಲ್ಲೇ ಬಿಟ್ಟು ಬಟ್ಟ ಬಯಲಲ್ಲಿ ನನ್ನ ಕಡೆ ಓಡಿಬಂದಳು. ಅರವತ್ತಮೂರು ವರ್ಷ, ಒಂದು ಮೊಣಕಾಲು ಮೊದಲೇ ಕೆಟ್ಟದ್ದು, ಎರಡು ಸಲ ಮುಗ್ಗರಿಸಿದಳು. ಕಯೋಟಿ ಒಂದೇ ನೆಗೆತಕ್ಕೆ ದಿಬ್ಬದಾಚೆ ಮಾಯವಾಯಿತು.

“ಏನೇ ಇದು ಆರ್ಲಿಸ್! ತಲೆ ನೆಟ್ಟಗಿದ್ಯಾ?” ಎಂದು ಕಿರುಚಿದೆ. “ನಿನ್ನ ಮೂಗಿನ ಮುಂದೇನೇ ಬರ್ತಿತ್ತಲ್ಲೇ! ಇನ್ನೊಂದು ನಿಮಿಷ ಕೂರೋಕೆ ಏನಾಗಿತ್ತು ನಿಂಗೆ? ಒಂದೇ ಒಂದು ನಿಮಿಷ!”

ಆಕೆ ನನ್ನ ಮುಂದೆ ಮಂಡಿಯೂರಿದಳು. ಜಾಕೆಟ್ಟಿನೊಳಗೆ ಕೈತೂರಿಸಿ ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಕೈ ಮಂಜಿನಂತೆ ತಣ್ಣಗಿತ್ತು. ತೆಗೆಯಲೇ ಇಲ್ಲ.

“ನಿಲ್ಲಿಸಿಬಿಟ್ಯಲ್ಲ,” ಎಂದಳು.

ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು ನನಗೆ. ಅರ್ಧ ಗಂಟೆಯ ಹಿಂದಷ್ಟೇ ಎಲ್ಲವನ್ನೂ ಹೇಳಿದ್ದಳು. ಆ ದರಿದ್ರ ಪ್ರಾಣಿ ಕಣ್ಣಿಗೆ ಬಿದ್ದದ್ದೇ ತಡ, ನಾನು ಮರೆತಿದ್ದೆ.

“ಎಂಜಲು ಕಟ್ಕೊಂಡ್ತು ಅಷ್ಟೇ,” ಎಂದೆ. “ನಾನು ಚೆನ್ನಾಗಿದ್ದೀನಿ. ನೋಡು, ಬಡ್ಕೊಳ್ತಾ ಇದ್ಯಲ್ಲ.”

“ಹ್ಞೂಂ,” ಎಂದಳು. ಮುಖದಲ್ಲಿ ಏನೂ ಇರಲಿಲ್ಲ. ವಾಪಸ್ ಬರುವಾಗ, “ನಾಳೆ ಬೇರೆ ಯಾರ್ನಾದ್ರೂ ಕರ್ಕೋ. ನನ್ನ ಕೈಲಿ ಕೂರಕ್ಕಾಗಲ್ಲ ಇನ್ನು,” ಎಂದಳು. ಮೂವತ್ತನಾಲ್ಕು ವರ್ಷ ಮಾಡಿಕೊಂಡು ಬಂದಿದ್ದ ಕೆಲಸ ಕೈಬಿಟ್ಟುಹೋದದ್ದನ್ನು ಹಾಗೆ, ಉಪ್ಪು ಮುಗಿಯಿತು ಅನ್ನುವ ಹಾಗೆ ಹೇಳಿದಳು.

ಅದು ನನಗೆ ತಡೆಯಲಾಗಲಿಲ್ಲ. “ಬೇರೆ ಯಾರೂ ಬೇಡ. ಆರು ಗಂಟೆಗೆ ಬರ್ತೀನಿ, ರೆಡಿಯಾಗಿರು,” ಎಂದು ಗದರಿದೆ.

ಮರುದಿನ ಅದೇ ದಿಬ್ಬ, ಅದೇ ಪೊದೆ. ಹದಿನೈದು ನಿಮಿಷ ಊದಿದೆ. ಪೀಪಿ ಕೆಳಗಿಟ್ಟೆ. ಹುಲ್ಲಿನ ಮೇಲೆ ಆಗಲೇ ಆಕೆಯ ಟೋಪಿ ಏಳುತ್ತಿತ್ತು. ನಾನು ಗಟ್ಟಿಯಾಗಿ ಕೆಮ್ಮಿದೆ.

ಟೋಪಿ ನಿಂತಿತು. ನಿಧಾನವಾಗಿ ಕೆಳಗಿಳಿಯಿತು.

ನಿಮಿಷಕ್ಕೊಂದು ಸಲ ಕೆಮ್ಮಿದೆ. ಗಂಟಲು ಹರಿದುಹೋಯಿತು. ನಮ್ಮ ಸುತ್ತ ಒಂದು ಇಲಿಯೂ ಉಳಿದಿರಲಿಲ್ಲ, ಇನ್ನು ಕಯೋಟಿ ಎಲ್ಲಿಂದ ಬರಬೇಕು? ವರ್ಡೆಲ್ ಇದ್ದಿದ್ದರೆ ಪೀಪಿಯಲ್ಲೇ ನನ್ನ ತಲೆಗೆ ಕುಟ್ಟುತ್ತಿದ್ದ. ಆದರೆ ಆರ್ಲಿಸ್ ಕುಳಿತಳು. ಗಡಿಯಾರ ನೋಡಿಕೊಂಡೇ ಇದ್ದೆ, ಪೂರ್ತಿ ಇಪ್ಪತ್ತು ನಿಮಿಷ ಕುಳಿತಳು. ಆಮೇಲೆ ಎದ್ದು, ಮೊಣಕಾಲು ಉಜ್ಜಿಕೊಂಡು, ಬಂದೂಕು ಹಿಡಿದು ನಡೆದೇ ಬಂದಳು.

ಗೇಟಿನ ಹತ್ತಿರ ತಾನೇ ಇಳಿದು ತೆಗೆದಳು. ಮತ್ತೆ ಹತ್ತಿ ಕುಳಿತ ಮೇಲೆ, “ಕೆಮ್ಮಿದ್ರೆ ಕಯೋಟಿ ಬರಲ್ಲ ಗೇಲನ್,” ಎಂದಳು.

“ಗೊತ್ತು.”

“ಮರಿ ಇನ್ನೂ ಹೋಗ್ತವೆ.”

“ಹೋದ್ರೆ ಹೋಗ್ಲಿ ಬಿಡು. ನನ್ನ ಮರಿ, ನನ್ನಿಷ್ಟ. ನಿಂದೇನು?”

ಆಕೆ ಗಾಜಿನಾಚೆ ನೋಡುತ್ತಾ ಕುಳಿತಳು. ಟಾರು ರಸ್ತೆ ಹತ್ತಿದೆವು. ಆಮೇಲೆ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ. ಮನೆಯ ಮುಂದೆ ಇಳಿಯುವಾಗ ತೋಳಿನಲ್ಲಿ ಮೂಗು ಒರೆಸಿಕೊಂಡು, “ನಾಳೇನೂ ಕೆಮ್ಮು,” ಎಂದಳು.

ಆ ಬೇಸಿಗೆ ಒಟ್ಟು ಹತ್ತೊಂಬತ್ತು ಮರಿ ಹೋದವು. ಆರ್ಲಿಸ್ ಅತ್ತಳೇ ಎಂದು ಜಾಯ್ಸ್ ಇವತ್ತಿಗೂ ಕೇಳುತ್ತಾಳೆ. ನಾನು ಹೇಳಿಲ್ಲ.