ಲಾಸ್ತ್ರಿ ಆಂಟಿಯ ಏಳನೆಯ ಬಟ್ಟೆ

ಕಾಯಿಸಿದ ಮೇಣದ ವಾಸನೆ ಎಲ್ಲಿ ಬಂದರೂ ನನಗೆ ಅಮೆರಿಕದ ಫ್ರೀಮಾಂಟಿನ ಆ ಹಳೇ ಅಪಾರ್ಟ್‌ಮೆಂಟು ನೆನಪಾಗುತ್ತದೆ. ಎಂಬತ್ತರ ದಶಕದ ನಡುವಿನ ಮಾತು, ನಾನಾಗ ಚಿಕ್ಕ ಹುಡುಗಿ. ನಮ್ಮ ಎದುರು ಬಾಗಿಲಿನಲ್ಲಿ ಇಂಡೊನೇಷ್ಯಾದ ಜಾವಾದಿಂದ ಬಂದ ಲಾಸ್ತ್ರಿ ಆಂಟಿ ಇದ್ದರು. ಗಂಡ ಓಕ್ಲ್ಯಾಂಡ್ ಬಂದರಿನ ಕೆಲಸಕ್ಕೆ ಹೋದ ಮೇಲೆ ಅವರು ಅಡುಗೆಮನೆಯಲ್ಲಿ ಪುಟ್ಟ ಬಾಣಲೆಯಿಟ್ಟು ಮೇಣ ಕರಗಿಸಿ, ಸಪೂರ ಮೂತಿಯ ತಾಮ್ರದ ಬಟ್ಟಲನ್ನು ಅದರಲ್ಲಿ ಅದ್ದಿ, ಅದರ ಮೂತಿಗೆ ಮೆಲ್ಲಗೆ ಊದಿ, ಬಿಳಿ ಬಟ್ಟೆಯ ಮೇಲೆ ಚುಕ್ಕಿ ಇಡುತ್ತ ಕೂರುತ್ತಿದ್ದರು. ಮೇಣ ಬಿದ್ದ ಕಡೆ ಬಣ್ಣ ಹತ್ತುವುದಿಲ್ಲ. ಬಣ್ಣಕ್ಕೆ ಅದ್ದಿದ ಬಟ್ಟೆಯನ್ನು ಬಿಸಿನೀರಲ್ಲಿ ಕುದಿಸಿ ಮೇಣ ಬಿಡಿಸಿದಾಗಲೇ ಅಷ್ಟು ದಿನ ಅಡಗಿದ್ದ ಚಿತ್ತಾರ ಹೊರಗೆ ಬರುವುದು.

ಆ ವರ್ಷ ಅಮ್ಮ ಬಸುರಿ. ಅದಕ್ಕೆ ಮುಂಚಿನ ಮಗು, ಮೈಸೂರಿನಲ್ಲಿ ಸಂಭ್ರಮದಿಂದ ಸೀಮಂತ ಮಾಡಿಸಿಕೊಂಡ ಮೇಲೆ, ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಯಾವ ಶಾಸ್ತ್ರವೂ ಬೇಡ ಎಂದು ಅಮ್ಮ ಹಟ ಹಿಡಿದಿದ್ದಳು. ತೊಟ್ಟಿಲು ಕೊಳ್ಳಲೂ ಬಿಡಲಿಲ್ಲ. ಅಪ್ಪ ಮಗುವಿನ ಹೆಸರಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ತಮ್ಮಿಬ್ಬರಿಗೂ ಬರುತ್ತಿದ್ದ ಹರಕು ಇಂಗ್ಲಿಷಿನಲ್ಲಿ ಇದನ್ನೆಲ್ಲ ಆಂಟಿಗೆ ಹೇಳಿಕೊಂಡಿದ್ದಳು. ಮರುದಿನ ಆಂಟಿ ಹೊಸ ಬಟ್ಟೆಯೊಂದಕ್ಕೆ ಮೇಣ ಇಡಲು ಕೂತರು.

ಅಮ್ಮನಿಗೆ ಏಳು ತಿಂಗಳು ತುಂಬಿದಾಗ ಆಂಟಿ ನಮ್ಮನ್ನು ಊಟಕ್ಕೆ ಕರೆದರು. ಹೋಗಿ ನೋಡಿದರೆ ಮೇಲಿನ ಮನೆಯ ಪಂಜಾಬಿ ಆಂಟಿ, ಮೂಲೆಮನೆಯ ಮೆಕ್ಸಿಕನ್ ಅಜ್ಜಿ, ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಬಂದಿದ್ದಾರೆ. ನಡುವೆ ಅರಿಸಿನದ ಅನ್ನ ಗೋಪುರದ ಹಾಗೆ ನಿಂತಿದೆ. ಪಕ್ಕದ ತೆಂಗಿನಕಾಯಿಯ ಮೇಲೆ ಗಂಡು ಹೆಣ್ಣಿನ ಚಿತ್ರ ಕೊರೆದಿತ್ತು. ಕಾಮಜಯ ಮತ್ತು ರತಿ ಎಂದರು ಆಂಟಿ. ನಮಾಜು ಮಾಡುವವರ ಮನೆಗೆ ರತಿ ಮನ್ಮಥರು ಹೇಗೆ ಬಂದರೆಂದು ಅಮ್ಮ ಬೆರಗಾಗಿ ಕೇಳಿದಳು.

“ಅವರು ನಮಗಿಂತ ಮೊದಲೇ ಬಂದವರು. ಹೋಗಿ ಅಂತ ಯಾರೂ ಹೇಳಲಿಲ್ಲ,” ಎಂದು ಆಂಟಿ ನಕ್ಕರು.

ಇದು ಅವರ ನಾಡಿನ ಸೀಮಂತವೆಂದು ಅಮ್ಮನಿಗೆ ಆಗ ಹೊಳೆಯಿತು. ಮುಖ ಬಿಳಿಚಿಕೊಂಡು ಬಾಗಿಲ ಕಡೆ ತಿರುಗಿದಳು. ಆಂಟಿ ತಡೆಯಲಿಲ್ಲ. ಬಟ್ಟೆಯೊಂದನ್ನು ತಂದು ಅಮ್ಮನ ಸೊಂಟಕ್ಕೆ ಹಿಡಿದು, ಒಪ್ಪುತ್ತದೆಯೇ ಎಂದು ನಮ್ಮನ್ನೆಲ್ಲ ಕೇಳಿದರು. ಏಳನೆಯ ಬಟ್ಟೆ ಬರುವತನಕ ಇಲ್ಲ ಎನ್ನುವುದೇ ಶಾಸ್ತ್ರವೆಂದು ಆಂಟಿ ನಮಗೆಲ್ಲ ಗುಟ್ಟಾಗಿ ಹೇಳಿಕೊಟ್ಟಿದ್ದರಿಂದ ಎಲ್ಲರೂ ತಮ್ಮತಮ್ಮ ಭಾಷೆಯಲ್ಲಿ ಇಲ್ಲ ಎಂದೆವು. ಅರಸರು ಉಡುತ್ತಿದ್ದ ಓರೆಗೆರೆಗಳ ಬಟ್ಟೆ ಬಂತು, ತಾಳೆಹಣ್ಣಿನ ಹೋಳಿನಂಥ ಚಿತ್ತಾರದ್ದು ಬಂತು. ಒಂದಾದ ಮೇಲೊಂದು ಆರು ಬಂದರೂ ಯಾವುದನ್ನೂ ನಾವು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಅಮ್ಮನಿಗೇ ನಗು ಬಂದಿತ್ತು. ಏಳನೆಯದು ಆಂಟಿ ಹೊಸದಾಗಿ ಮಾಡಿದ್ದು. ಕಡುಗಪ್ಪಿನ ಮೇಲೆ ನಕ್ಷತ್ರದಂಥ ಸಣ್ಣ ಹೂಗಳು, ಆಡಂಬರವೇ ಇಲ್ಲ. ನಾನು ಎಲ್ಲರಿಗಿಂತ ಮೊದಲು “ಯೆಸ್” ಎಂದೆ.

“ಇದರ ಹೆಸರು ತ್ರುಂತುಂ. ಮತ್ತೆ ಚಿಗುರುವುದು ಅಂತ,” ಎಂದರು ಆಂಟಿ. “ಚುಕ್ಕಿ ಇಡುವಾಗೆಲ್ಲ ನಿನ್ನನ್ನು ನೆನೆದಿದ್ದೇನೆ.”

ಅಮ್ಮ ಅವರ ಹೆಗಲ ಮೇಲೆ ಮುಖವಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಹೊಟ್ಟೆತುಂಬ ಉಂಡು, ಸಂಜೆಯೇ ಅಪ್ಪನನ್ನು ಹೊರಡಿಸಿಕೊಂಡು ತೊಟ್ಟಿಲು ತಂದಳು.

ತಮ್ಮ ಗುಂಡುಗುಂಡಗೆ ಹುಟ್ಟಿದ. ನಡೆಯಲು ಕಲಿತದ್ದು ಆ ಎರಡು ಬಾಗಿಲುಗಳ ನಡುವೆ. ಅವನಿನ್ನೂ ತೊದಲುತ್ತಿದ್ದಾಗಲೇ ಆಂಟಿಯ ತಾಯಿ ಹಾಸಿಗೆ ಹಿಡಿದು, ಗಂಡ ಹೆಂಡತಿ ಜಾವಾಕ್ಕೆ ಹೊರಟುಬಿಟ್ಟರು. ಹೊರಡುವ ದಿನ ಅಮ್ಮ ಆಂಟಿಯನ್ನು ಕೂರಿಸಿ, ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಬೆಲ್ಲ, ಹಸಿರು ಬಳೆ ತುಂಬಿದಳು. ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಹೀಗೆ ಮಾಡುತ್ತೇವೆ ಎಂದು ವಿವರಿಸಿದಳು. ಆದರೆ ನಾನು ಹೋಗುತ್ತಿರುವುದೇ ತವರಿಗಲ್ಲವೇ ಎಂದರು ಆಂಟಿ.

“ಇದೂ ತವರೇ,” ಎಂದಳು ಅಮ್ಮ.

ಸೆರಗಿಲ್ಲದ ಆಂಟಿ ಅಂಗಿಯ ಅಂಚನ್ನೇ ಒಡ್ಡಿ ಎಲ್ಲವನ್ನೂ ತುಂಬಿಸಿಕೊಂಡರು. ಅಮ್ಮ, ಆಂಟಿ ಇಬ್ಬರೂ ಈಗಿಲ್ಲ. ಆ ಕಟ್ಟಡವೂ ಇಲ್ಲ. ಅಂಥದೊಂದು ಎದುರುಮನೆ ನಿಮಗೂ ಇದ್ದಿರಬೇಕು. ಅಂದು ಆಂಟಿ ಹೊರಟುಹೋದ ಮೇಲೆ, ಹೊಸ ಬಾಡಿಗೆಯವರು ಬರುವತನಕ ಅಮ್ಮ ಶುಕ್ರವಾರಗಳಂದು ನಮ್ಮ ಹೊಸ್ತಿಲಿಗೆ ರಂಗೋಲಿ ಹಾಕಿ, ಬೀಗ ಬಿದ್ದಿದ್ದ ಆ ಬಾಗಿಲ ಮುಂದೆಯೂ ಎರಡು ಎಳೆ ಎಳೆದು ಬರುತ್ತಿದ್ದಳು.