ಮುಲುಂಡಿನ ಮೈದಾನದಲ್ಲಿ ಹೇಳಿದ ಒಡಪು

ಭಾನುವಾರ ಬೆಳಕು ಹರಿಯುವ ಮೊದಲೇ ಮುಂಬಯಿಯ ನಮ್ಮ ಆಂಟಾಪ್ ಹಿಲ್‌ನಿಂದ ಬಸ್ಸಿನಲ್ಲಿ ಸಯನ್ ಸ್ಟೇಷನ್ನಿಗೆ ಬಂದೆವು. ಮುಲುಂಡಿಗೆ ಹತ್ತು ರೂಪಾಯಿ ಟಿಕೆಟ್. ಲೇಡೀಸ್ ಡಬ್ಬಿಯಲ್ಲಿ ನಿಮ್ಮ ಶಾಂತಾ ಅತ್ತೆ, ಅಂದರೆ ನನ್ನ ಸೊಸೆ, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದಳು. ಮಕ್ಕಳೇ, ಅವಳು ಬೆಂಕಿ ಆರಿಸುವ ಸ್ಪರ್ಧೆಗೆ ಹೊರಟಿದ್ದಳು!

ನಮ್ಮ ಬಿಲ್ಡಿಂಗಿನ ಮೀಟರ್ ಪೆಟ್ಟಿಗೆ ಹೊತ್ತಿಕೊಂಡ ಮೇಲೆ ಕಾಲೊನಿಯ ಹೆಂಗಸರು ಪ್ರತಿ ಭಾನುವಾರ ಈ ಕೆಲಸ ಕಲಿಯುತ್ತಿದ್ದರು. ಹೋದ ವರ್ಷ ಕೊನೆಯವರಾಗಿ ಬಂದು ಎಲ್ಲರ ನಗೆಗೆ ಗುರಿಯಾಗಿದ್ದರು. ಈ ಸಲ ಗೆಲ್ಲಲೇಬೇಕಿತ್ತು. ಸ್ಪರ್ಧೆಯಲ್ಲಿ ಗಾಯಾಳುವಿನ ಪಾತ್ರದಲ್ಲಿ ಮಲಗಬೇಕಿದ್ದವಳು ಊರಿಗೆ ಹೋದದ್ದರಿಂದ, ಹಗುರ ಇದ್ದೇನೆಂದು ನನ್ನನ್ನು ಹೊರಡಿಸಿದರು. ಪೈಪು ಹಿಡಿಯುವ ಕಸ್ತೂರಿ ಶಾಂತಾಳನ್ನು ಚುಚ್ಚಿದಳು: "ಅತ್ತೀನ ಕೆಡವಾಕ ಇಂಥಾ ಚಾನ್ಸ್ ಮತ್ತ ಸಿಗಂಗಿಲ್ಲ ನೋಡವಾ."

ಮುಲುಂಡಿನಲ್ಲಿ ಇಡ್ಲಿ ತಿಂದು ಮೈದಾನಕ್ಕೆ ನಡೆದೆವು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಪೈಪು ಜೋಡಿಸಿ, ನೀರು ಹಾರಿಸಿ ಡಬ್ಬ ಉರುಳಿಸಬೇಕು. ಹೊಗೆ ತುಂಬಿದ ಡೇರೆಯಿಂದ ಗಾಯಾಳುವನ್ನು ಹೊತ್ತು ತರಬೇಕು. ಎಚ್ಚರವಿದೆ ಎಂದು ತಿಳಿಯಲು ಗಾಯಾಳು ಪೂರ್ತಿ ಹೆಸರು ಹೇಳಬೇಕು. ಆಗಲೇ ಗಡಿಯಾರ ನಿಲ್ಲುವುದು.

ಸೀಟಿ ಊದಿದರು. ಕಸ್ತೂರಿಯ ನೀರು ಒಂದೇ ಏಟಿಗೆ ಡಬ್ಬ ಕೆಡವಿತು. ಡೇರೆಯೊಳಗೆ ಕೆಮ್ಮುತ್ತ ಮಲಗಿದ್ದ ನನ್ನನ್ನು ಶಾಂತಾ ಹೆಗಲಿಗೆ ಹಾಕಿಕೊಂಡು ಓಡಿದಳು. ನೆಲ, ಆಕಾಶ ಎಲ್ಲ ತಲೆಕೆಳಗು! ಗೆರೆ ದಾಟಿ ಇಳಿಸಿದಾಗ ಎಲ್ಲರಿಗಿಂತ ನಾವೇ ಮುಂದಿದ್ದೆವು.

ತೀರ್ಪು ಕೊಡುವ ಪಂಚರು ಬಗ್ಗಿ ಕೇಳಿದರು: "ಪೂರಾ ನಾಮ್ ಬೋಲೋ, ಆಜಿ."

"ಗಂಗವ್ವ" ಎಂದೆ.

"ಪೂರಾ."

ಮುಂಬಯಿಯಲ್ಲಿ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರೂ ಬರಬೇಕು. ನಮ್ಮ ಕಡೆ ಹೆಂಡತಿ ಅದನ್ನು ಬರಿದೇ ಹೇಳುವಂತಿಲ್ಲ; ಮದುವೆ, ಸೀಮಂತಗಳಲ್ಲಿ ಒತ್ತಾಯ ಮಾಡಿದರೆ ಒಡಪು, ಅಂದರೆ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಇಟ್ಟು ಹೇಳಬೇಕು. ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಹೆಸರು ಹೇಳೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮನಸ್ಸಿನಲ್ಲೇ ಒಡಪು ಹುಡುಕತೊಡಗಿದೆ. ಗಡಿಯಾರ ಓಡುತ್ತಿತ್ತು. ಶಾಂತಾ ನನ್ನ ಕೈ ಹಿಸುಕಿದಳು. ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಕೊಡದಾಗ ನೀರೈತಿ, ಒಲಿಯಾಗ ಬೆಂಕಿ,
ರುದ್ರಪ್ಪನವರ ಹೆಸರ ಹೇಳಾಕ ನನಗ್ಯಾಕ ಅಂಜಿಕಿ."

ಮೈದಾನವೆಲ್ಲ ಚಪ್ಪಾಳೆ. ಮರಾಠಿ ಹೆಂಗಸರಲ್ಲೂ ಈ ಪದ್ಧತಿ ಇದೆಯಂತೆ; ಅವರು ಶಿಳ್ಳೆಯನ್ನೇ ಹಾಕಿದರು. ಆದರೆ ಅಷ್ಟರಲ್ಲಿ ಪಕ್ಕದ ತಂಡದ ಗಡಿಯಾರ ನಿಂತಾಗಿತ್ತು. ನಮಗೆ ಎರಡನೆಯ ಸ್ಥಾನ.

ವಾಪಸು ಗಾಡಿಯಲ್ಲಿ ನಾನು ತಲೆ ಎತ್ತಲಿಲ್ಲ. ಶಾಂತಾ ಪದಕವನ್ನು ನನ್ನ ಕೊರಳಿಗೆ ಹಾಕಿ, "ಮುಂದಿನ ವರ್ಷ ಸಣ್ಣ ಒಡಪು ಕಲತು ಬರ್ರಿ, ಅತ್ತಿ" ಎಂದಳು. ಡಬ್ಬಿಯೆಲ್ಲ ನಕ್ಕಿತು.

ಒಡಪೇ ಇಲ್ಲದೆ ಹೇಳಿದರೆ ಇನ್ನೂ ಬೇಗ ಆಗುತ್ತದಲ್ಲ ಎನಿಸಿತು. ಕಿಟಕಿಯ ಕಡೆ ತಿರುಗಿ, ಗಾಡಿಯ ಸದ್ದಿನೊಳಗೆ, ಬರೀ ಹೆಸರನ್ನು ಹೇಳಿ ನೋಡಿದೆ. ಮೊದಲು ನನಗೇ ಕೇಳಿಸಲಿಲ್ಲ. ಕುರ್ಲಾ ದಾಟುವಾಗ ದನಿ ಬಂತು. ಸಯನ್ ಹತ್ತಿರವಾದಾಗ, ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ತಿರುಗಿ ನೋಡಿ, ಯಾರನ್ನು ಕರೆಯುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದಳು.