ನದಿಯನ್ನು ಕೆರೆ ಮಾಡಿದ ಉಳಿ

ಬಟ್ಟೆ ಒಗೆಯುವ ಕಲ್ಲಿನ ಬಗ್ಗೆ ಸಾಮಾನ್ಯವಾಗಿ ಯಾರೂ ಸಿಟ್ಟಾಗುವುದಿಲ್ಲ. ನಾನು ಆಗಿದ್ದೇನೆ, ಕಥೆ ಕೇಳಿದ ಮೇಲೆ ಓದುಗ ಮಹಾಶಯರೂ ನನ್ನ ಪಕ್ಷ ವಹಿಸುವರೆಂಬ ಭರವಸೆಯಿದೆ.

ನಾನು ಭೂವಿಜ್ಞಾನ ಕಲಿಸಿ ಹೊಟ್ಟೆ ಹೊರೆಯುವವನು. ಯುದ್ಧದ ಆ ದಿನಗಳಲ್ಲಿ, ಸಿಪಾಯಿಗಳು ಕಿಕ್ಕಿರಿದ ರೈಲಿನಲ್ಲಿ, ಸಹಪ್ರಯಾಣಿಕರ ಬೈಗುಳಗಳನ್ನು ಪ್ರಸಾದದಂತೆ ಸ್ವೀಕರಿಸುತ್ತ, ಬಾದಾಮಿಯ ಮರಳುಗಲ್ಲಿನ ಚಪ್ಪಡಿಯೊಂದನ್ನು ಹಲಸೂರಿನ ನಮ್ಮ ಹಿತ್ತಲಿಗೆ ತಂದಿಳಿಸಿದ್ದೆ. ಅದರ ಮೈತುಂಬ ಅಲೆಯ ಏಣುಗಳು, ಅಂದರೆ ಹಿಂದೆಂದೋ ನೀರು ಮರಳಿನಲ್ಲಿ ಮೂಡಿಸಿದ ಸಾಲುಸಾಲು ಉಬ್ಬುಗಳು. ಪ್ರತಿ ಉಬ್ಬಿಗೂ ಒಂದು ಮಗ್ಗುಲು ನಿಧಾನವಾದ ಇಳಿಜಾರು, ಇನ್ನೊಂದು ಮಗ್ಗುಲು ಕಡಿದು. ಒಂದೇ ದಿಕ್ಕಿಗೆ ಹರಿಯುವ ನೀರು ಮರಳನ್ನು ಹೀಗೆ ಜೋಡಿಸುತ್ತದೆ. ನಿಂತ ನೀರಿನ ಅಲೆಯಾದರೆ ಎರಡು ಮಗ್ಗುಲನ್ನೂ ಸಮ ಮಾಡುತ್ತದೆ. ಬಾದಾಮಿಯಲ್ಲಿ ಪುರಾತನ ಕಾಲದಲ್ಲಿದ್ದದ್ದು ನದಿಯೆಂದು ನಾನು, ಕೆರೆಯೆಂದು ನಮ್ಮ ಹಿರಿಯ ಅಧ್ಯಾಪಕರು. ಹಲಸೂರು ಕೆರೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಆ ಮಹನೀಯರಿಗೆ ಭೂಮಂಡಲವೆಲ್ಲ ಕೆರೆಯೇ. ಭಾನುವಾರ ಬಂದು ಕಲ್ಲು ನೋಡುತ್ತೇನೆಂದಿದ್ದರು. ವರ್ಷಗಳ ನನ್ನ ವಾದ, ಮಾನ ಎರಡೂ ಆ ಚಪ್ಪಡಿಯನ್ನೇ ನಂಬಿಕೊಂಡಿದ್ದವು.

ಶನಿವಾರ ನಮ್ಮ ಬೀದಿಗೆ ಒರಳು ಕುಟ್ಟುವ ಹೆಂಗಸು ಬಂದಳು. ನುಣುಪಾದ ರುಬ್ಬುವ ಕಲ್ಲನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವುದು ಅವಳ ಕಸುಬು. ಒರಳು ಮುಗಿದ ಮೇಲೆ ನನ್ನ ಹೆಂಡತಿ, ತಾನು ಆಗಲೇ ಬಟ್ಟೆ ಒಗೆಯಲು ಬಳಸತೊಡಗಿದ್ದ ಚಪ್ಪಡಿಯನ್ನೂ ತೋರಿಸಿದ್ದಾಳೆ. ನಾನು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಉಬ್ಬೆಲ್ಲ ಒಂದ್ಕಡೆ ಸವೆದು ಹೋಗಿತ್ತು ರೀ, ಎರಡೂ ಕಡೆ ಒಂದೇ ಸಮ ಮಾಡಿಸ್ದೆ" ಎಂದಳು.

ಚಾಲುಕ್ಯರ ಶಿಲ್ಪಿಗಳ ಕೈಯಿಂದ ಪಾರಾಗಿ ಬಂದ ಕಲ್ಲು! ಯುಗಯುಗಗಳಿಂದ ಉಳಿದುಬಂದ ನದಿಯನ್ನು ಒಂದು ಮಧ್ಯಾಹ್ನದಲ್ಲಿ ಕೆರೆ ಮಾಡಿಬಿಟ್ಟಿದ್ದರು. ಆ ರಾತ್ರಿ ನಾನು ಊಟ ಬಿಟ್ಟೆ. ಅದನ್ನು ಯಾರೂ ಗಮನಿಸಲಿಲ್ಲವೆಂಬುದು ಬೇರೆಯೇ ಸಂಕಟ.

ಭಾನುವಾರ ಹಿರಿಯರು ಬಂದು ಏಣುಗಳ ಮೇಲೆ ಬೆರಳಾಡಿಸಿ, ಕೆರೆಯೆಂದು ತೀರ್ಪಿತ್ತು ನಕ್ಕರು. ಮೈ ಉರಿಯಿತು. ಉಳಿಯ ಕಥೆ ಹೇಳಿ, ಚಪ್ಪಡಿಯ ಮುರಿದ ಅಂಚನ್ನು ಅವರಿಗೆ ತೋರಿಸಿದೆ. ಅಲ್ಲಿ ಕಲ್ಲಿನೊಳಗಿನ ತೆಳುಪದರಗಳು ಒಂದರ ಮೇಲೊಂದು, ಎಲ್ಲವೂ ಒಂದೇ ದಿಕ್ಕಿಗೆ ವಾಲಿ ನಿಂತಿದ್ದವು; ಹರಿಯುವ ನೀರಿನದೇ ಗುರುತು ಅದು. ಅದನ್ನೂ ನಮ್ಮ ಮನೆಯವರೇ ಕೆತ್ತಿಸಿರಬೇಕೆಂದು ಹಿರಿಯರು ಮತ್ತೆ ನಕ್ಕರು.

ಕಾಫಿ ತಂದ ಹೆಂಡತಿಗೆ ಅದು ಕೇಳಿಸಿತು. "ಅಂಚಿಗೆ ಉಳಿ ಮುಟ್ಟಿಸೋಕೆ ನಾನು ಬಿಡ್ಲಿಲ್ಲ. ಅದು ಒರಟಾದ್ರೆ ಸೀರೆ ಹರಿಯತ್ತೆ."

ಹಿರಿಯರ ನಗು ನಿಂತಿತು. ಪಂಚೆ ಎತ್ತಿಕಟ್ಟಿ, ಮೊಣಕಾಲೂರಿ, ಅಂಚನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, "ಹಾಗಾದ್ರೆ ನದೀನೇ ಕಣಮ್ಮ" ಎಂದು ಅವಳಿಗೆ ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗೆದ್ದದ್ದು ನಾನೇ. ಆದರೆ ನದಿ ಉಳಿದದ್ದು ನನ್ನ ವಿದ್ಯೆಯಿಂದಲ್ಲ, ಅವಳ ಸೀರೆಯ ದೆಸೆಯಿಂದ. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ, ನೀವೇ ಹೇಳಿ.